ಬೇರೆಯವರ ಡಬ್ಬಿಗೆ ನನ್ನ ಕಫ

ಮಧುಗಿರಿಗೆ ಬಂದು ಮೂರು ದಿನವಾಗಿತ್ತು. ಹೊಸಿಲಲ್ಲಿ ಕೂತು ಎಲೆಅಡಿಕೆ ಮಡಿಸುತ್ತಿದ್ದೆ. ಸ್ಕೂಟರಿನಿಂದ ಇಳಿದ ಒಬ್ಬ ಹುಡುಗಿ ನೇರ ನನ್ನ ಹತ್ತಿರ ಬಂದು, ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟು, "ಇದ್ರಲ್ಲಿ ಉಗೀಬೇಕು ಅಜ್ಜಿ" ಅಂದಳು.

ನಮ್ಮ ಹಳ್ಳಿಯಲ್ಲಿ ಒಬ್ಬರ ಎದುರಿಗೆ ಉಗಿದರೆ ಜಗಳವಾಗುತ್ತದೆ. ಎರಡು ಮನೆಯವರು ಇದೇ ಕಾರಣಕ್ಕೆ ವರ್ಷಗಟ್ಟಲೆ ಒಬ್ಬರ ಮದುವೆಗೆ ಒಬ್ಬರು ಹೋಗದಿದ್ದುದನ್ನು ನಾನು ಕಂಡಿದ್ದೇನೆ. ಇಲ್ಲಿ ಉಗಿ ಎಂದು ಕೇಳಿಕೊಂಡು ಬರುತ್ತಾರೆ. ಉಗಿದದ್ದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಮದುವೆ ಒಡವೆಯನ್ನು ಒಯ್ಯುವ ಹಾಗೆ ಜೋಪಾನವಾಗಿ ಒಯ್ಯುತ್ತಾರೆ.

"ಕೆಮ್ಮು ಎಷ್ಟು ದಿನದಿಂದ ಐತೆ?" ಎಂದು ಕೇಳಿದಳು.

"ದಿನದ ಲೆಕ್ಕ ಅಲ್ಲಮ್ಮ. ಮದ್ವೆಯಾಗಿ ಅತ್ತೆ ಮನೆ ಒಲೆ ಮುಂದೆ ಕೂತಾಗ್ನಿಂದ."

ಅವಳು ಬರೆಯುತ್ತಿದ್ದವಳು ನಿಲ್ಲಿಸಿದಳು. ಡಬ್ಬಿಯನ್ನು ವಾಪಸ್ ತೆಗೆದುಕೊಂಡಳು. "ನಮಗೆ ಹೊಸ ಕೆಮ್ಮು ಬೇಕು ಅಜ್ಜಿ. ಮೂರು ವಾರದೊಳಗೆ ಶುರುವಾಗಿರೋದು. ನಿಮ್ಮದು ಹಳೇದು. ಆಸ್ಪತ್ರೆಗೆ ಹೋಗಿ ತೋರಿಸ್ಕೊಳ್ಳಿ" ಅಂದು ಪಕ್ಕದ ಮನೆಗೆ ಹೋದಳು.

ಈ ಊರಿಗೆ ನನ್ನ ಉಗುಳೂ ಬೇಡವಾಯಿತು ಅಂದುಕೊಂಡೆ. ಎಲೆಅಡಿಕೆ ಬಾಯಿಗೆ ಹಾಕಿಕೊಂಡೆ.

ನಾನು ಪಾವಗಡದ ಆಚೆಯವಳು. ಆಂಧ್ರ ಅಲ್ಲಿಂದ ಒಂದು ಕೂಗಳತೆ. ಮೇಕೆ ಕಾಯುತ್ತಿದ್ದೆ. ನಮಗೆ ಹೊಲವಿರಲಿಲ್ಲ, ಬೇರೆಯವರ ಬೀಳಿನಲ್ಲಿ ಮೇಯಿಸುತ್ತಿದ್ದೆ. ಆ ಬೀಳಿನ ತುಂಬ ಈಗ ಬಿಸಿಲಿನಿಂದ ಕರೆಂಟು ಮಾಡುವ ಗಾಜಿನ ಹಲಗೆಗಳು ನಿಂತಿವೆ, ಸುತ್ತ ತಂತಿ ಬೇಲಿ. ಹೊಲವಿದ್ದವರಿಗೆ ಬಾಡಿಗೆ ಬರುತ್ತದೆ, ಬರಲಿ. ಮೇಕೆ ಗಾಜು ತಿನ್ನುವುದಿಲ್ಲ. ಮಾರಿದೆ. ಗಂಡ ಹೋಗಿ ಬಹಳ ಕಾಲವಾಯಿತು. ನಮ್ಮೂರಿನಿಂದ ಮಧುಗಿರಿಗೆ ಮದುವೆಯಾಗಿ ಬಂದಿದ್ದ ಒಬ್ಬಳು, ಇಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸವಿದೆ, ಕೂತು ಮಾಡುವುದು, ಬಾ ಅಂದಳು. ಬಂದೆ. ಅವಳು ಎರಡೇ ತಿಂಗಳಲ್ಲಿ ಗಂಡನ ಜೊತೆ ಶಿರಾದ ಕಡೆ ಹೋದಳು. ನಾನು ಉಳಿದೆ. ಬಸ್ಸಿನಲ್ಲಿ ಅರ್ಧ ದಿನವೂ ಹಿಡಿಯದ ದಾರಿ ಇದು. ಅಷ್ಟಕ್ಕೇ ಇಷ್ಟೆಲ್ಲ ಬದಲಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಮಹಿಳಾ ಸಂಘದಲ್ಲಿ ಹೆಬ್ಬೆಟ್ಟು ಒತ್ತಬಾರದು ಅಂತ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಊರಿನವರು ಫೋನಿನಲ್ಲಿ ಅಲ್ಲಿ ಹೆಂಗೈತೆ ಅಂತ ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಇಲ್ಲಿ ಊರಿನ ತಲೆಯ ಮೇಲೆ ಒಂದೇ ಒಂದು ಕಲ್ಲು, ಬೆಟ್ಟದಷ್ಟು. ಬೆಟ್ಟವೇ ಅದು. ಪಾವಗಡದಲ್ಲೂ ಬೆಟ್ಟವಿದೆ, ಕೋಟೆಯಿದೆ, ಆದರೆ ನನ್ನ ಹಳ್ಳಿ ಬರೀ ಬಯಲು. ಒಂದು ಮೇಕೆ ತಪ್ಪಿಸಿಕೊಂಡರೆ ಅರ್ಧ ಗಾವುದ ದೂರದಲ್ಲೂ ಕಾಣುತ್ತಿತ್ತು. ಇಲ್ಲಿ ಕಣ್ಣು ನಾಲ್ಕು ಮನೆ ದಾಟುವಷ್ಟರಲ್ಲಿ ಕಲ್ಲಿಗೆ ಹೋಗಿ ಬಡಿಯುತ್ತದೆ. ಹಗಲೆಲ್ಲ ಕಾದ ಕಲ್ಲು ಸಂಜೆ ಬಿಸಿ ಬಿಡುತ್ತದೆ. ಬಿಸಿಲು ಹೋದ ಮೇಲೂ ಸೆಖೆ ಬೀದಿ ಬಿಟ್ಟು ಹೋಗುವುದಿಲ್ಲ.

ನೀರು ಇಲ್ಲಿನದೇ ಮೇಲು, ಅದನ್ನು ಒಪ್ಪಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾಗಿ ಮಂಡಿ ಬಗ್ಗಿದವರನ್ನು ನೋಡಿಯೇ ಬೆಳೆದೆ. ನನ್ನ ಹಲ್ಲು ನೋಡಿ ಇಲ್ಲಿನ ಹೆಂಗಸರು ಹೊಗೆಸೊಪ್ಪು ಅಂದುಕೊಂಡರು. ಅಲ್ಲ, ನೀರು ಅಂದೆ. ನಂಬಲಿಲ್ಲ. ಹೊಗೆಸೊಪ್ಪೂ ಹಾಕುತ್ತೇನೆ, ಆ ಮಾತು ಬೇರೆ.

ಮಾತಿನದು ಇನ್ನೊಂದು ಕಥೆ. ಮೊದಲ ವಾರ ನಲ್ಲಿಯ ಹತ್ತಿರ "ಒಂದು ಬಿಂದಿಗೆ ನೀಳ್ಳು ಹಿಡ್ಕೊಳ್ಳಲಾ" ಅಂದುಬಿಟ್ಟೆ. ನೀಳ್ಳು ಅಂದರೆ ತೆಲುಗಿನಲ್ಲಿ ನೀರು. ನಮ್ಮಲ್ಲಿ ಒಂದೇ ಮಾತಿನಲ್ಲಿ ಕನ್ನಡವೂ ತೆಲುಗೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ, ಯಾರೂ ಕೇಳುವುದಿಲ್ಲ. ಇಲ್ಲಿ ಬೀದಿಯ ಮಕ್ಕಳು ನನಗೆ ಆಂಧ್ರದಜ್ಜಿ ಅಂತ ಹೆಸರಿಟ್ಟವು. ನಾನು ಹುಟ್ಟಿದ್ದು, ಓಟು ಹಾಕಿದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಈಚೆ ಕಡೆ. ಅಲ್ಲಿ ಗಡಿ ದಾಟಿ ಸಂತೆಗೆ ಹೋದರೆ ಕನ್ನಡದವರು ಬಂದರು ಅನ್ನುತ್ತಿದ್ದರು. ಇಲ್ಲಿಗೆ ಬಂದರೆ ಆಂಧ್ರದವಳು. ಬೈದರೆ ವಾಪಸ್ ಬೈಯಬಹುದಿತ್ತು. ಮಕ್ಕಳು ಪ್ರೀತಿಯಿಂದಲೇ ಕೂಗುತ್ತವೆ, ಏನು ಮಾಡುವುದು.

ಎಲ್ಲಕ್ಕಿಂತ ಒಗ್ಗದ್ದು ಬಾಗಿಲು. ಮಧ್ಯಾಹ್ನದ ಊಟವಾದ ಕೂಡಲೇ ಎಲ್ಲರ ಬಾಗಿಲೂ ಮುಚ್ಚುತ್ತದೆ. ನಮ್ಮಲ್ಲಿ ಹಗಲು ಬಾಗಿಲು ಹಾಕಿದ್ದರೆ ಒಳಗೆ ಯಾರೋ ಸತ್ತಿದ್ದಾರೆ ಅಥವಾ ಹುಟ್ಟುತ್ತಿದ್ದಾರೆ ಅಂತ ಅರ್ಥ. ಒಂದೊಂದು ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ನಾನೇ ಒಮ್ಮೆ ಗಟ್ಟಿಯಾಗಿ "ಓಬಳಮ್ಮಾ" ಅಂದುನೋಡಿದೆ. ಹುಚ್ಚು ಅನಿಸಿತು. ಮತ್ತೆ ಹಾಗೆ ಮಾಡಲಿಲ್ಲ.

ಮಾತಾಡಿಸುತ್ತಿದ್ದವಳು ಒಬ್ಬಳೇ, ಜಯಮ್ಮ. ನಾನಿರುವುದು ಅವಳ ಮನೆಯ ಮುಂದಿನ ಕೋಣೆಯಲ್ಲಿ. ವಯಸ್ಸು ಐವತ್ತರ ಆಚೀಚೆ. ಗಂಡ ರಂಗಪ್ಪ ಖಾಸಗಿ ಬಸ್ಸಿನ ಡ್ರೈವರು, ಕೊರಟಗೆರೆಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಾನೆ. ನಮ್ಮಿಬ್ಬರ ನಡುವಿನ ಗೋಡೆ ಸೂರಿನವರೆಗೂ ಇಲ್ಲ. ಅವರು ಮುದ್ದೆ ತಿರುವುವ ಸದ್ದು ನನಗೆ ಕೇಳುತ್ತದೆ, ನನ್ನ ಕೆಮ್ಮು ಅವರಿಗೆ ಕೇಳುತ್ತದೆ.

ಮಂಡಿಯವನು ಹುಣಸೆಹಣ್ಣಿನ ಮೂಟೆ ಇಳಿಸಿ ಹೋದರೆ ಇಬ್ಬರೂ ಹಜಾರದಲ್ಲಿ ಕೂರುತ್ತಿದ್ದೆವು. ಕಲ್ಲಿನ ಮೇಲಿಟ್ಟು ಬಡಿಯುವುದು, ನಾರು ಎಳೆಯುವುದು, ಬೀಜ ಬಿಡಿಸುವುದು. ಸಿಪ್ಪೆಯ ದೂಳು ಮೂಗಿಗೆ ಏರುತ್ತದೆ. ಈ ಬೀದಿಯಲ್ಲಿ ಕೆಮ್ಮದ ಹೆಂಗಸಿಲ್ಲ. ಆದ್ದರಿಂದ ಕೆಮ್ಮನ್ನು ಯಾರೂ ಕಾಯಿಲೆ ಅನ್ನುವುದಿಲ್ಲ.

ಒಂದು ದಿನ ನಾನು ಊರಿಬಿಂಡಿ ಮಾಡಿದೆ. ಹುರಿದ ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ ಒರಳಿಗೆ ಹಾಕಿ ಕುಟ್ಟುವ ಚಟ್ನಿ ಅದು, ನಮ್ಮ ಕಡೆಯದು. ಒಂದು ಬಟ್ಟಲು ಕೊಟ್ಟೆ. ಜಯಮ್ಮ ತಿಂದಳು, ಕಣ್ಣಲ್ಲಿ ನೀರು ಬಂತು.

"ಏನ್ ಖಾರ ಓಬಳಕ್ಕ. ನಿಮ್ಮೋರ ಬಾಯೋ ಒಲೆಯೋ?"

"ಬ್ಯಾಡಂದ್ರೆ ಬಟ್ಟಲು ತಾ."

"ಯಾರಂದ್ರು ಬ್ಯಾಡ ಅಂತ? ಕೂತ್ಕ."

ಮಾರನೇ ದಿನ ಆ ಬಟ್ಟಲು ಹೆಸರುಕಾಳಿನ ಉಸಲಿ ತುಂಬಿಕೊಂಡು ಬಂತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲೂ ಇಲ್ಲ, ಇವರಲ್ಲೂ ಇಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಬರೀ ಪಾತ್ರೆ ಕೊಟ್ಟರೆ ಕೊಟ್ಟವರ ಮನೆಗೂ ಒಳ್ಳೆಯದಲ್ಲ, ಇಸಕೊಂಡವರ ಮನೆಗೂ ಒಳ್ಳೆಯದಲ್ಲ. ಪಾವಗಡಕ್ಕೂ ಮಧುಗಿರಿಗೂ ಹೊಂದುವ ವಿಷಯ ಇದೊಂದಾದರೂ ಇದೆ ಅಂತ ಖುಷಿಪಟ್ಟಿದ್ದೆ. ಕೆಡಿಸಿದ್ದೂ ಅದೇ.

ಆ ಡಬ್ಬಿಯ ಹುಡುಗಿ ಬೀದಿಗೆ ಬರುವುದು ನಿಲ್ಲಿಸಿರಲಿಲ್ಲ. ಹೆಸರು ಪವಿತ್ರ. ಆಸ್ಪತ್ರೆಗೆ ಸ್ವಲ್ಪ ದೂರದಲ್ಲಿ ಬಾಡಿಗೆ ಕಟ್ಟಡ ಹಿಡಿದು ಕೆಲವು ಡಾಕ್ಟರುಗಳು ಕೆಮ್ಮಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ಮನೆಮನೆಗೆ ಹೋಗುವ ಕೆಲಸ ಇವಳದು. ಒಂದು ಮಧ್ಯಾಹ್ನ ಹುಣಸೆ ರಾಶಿಯ ಪಕ್ಕ ನಮ್ಮ ಜೊತೆ ಕೂತು ವಿವರಿಸಿದಳು.

"ಒಂದು ಕೆಮ್ಮು ತಾನಾಗೇ ಬಂದು ತಾನಾಗೇ ಹೋಗುತ್ತೆ. ಇನ್ನೊಂದಕ್ಕೆ ಸರಿಯಾದ ಮಾತ್ರೆ ಕೊಡದಿದ್ರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಕೇಳೋಕೆ ಎರಡೂ ಒಂದೇ. ಯಾವುದು ಯಾವುದು ಅಂತ ಬೇಗ ಪತ್ತೆ ಹಚ್ಚೋ ದಾರಿ ಹುಡುಕ್ತಾ ಇದೀವಿ."

ಜಯಮ್ಮ ನಕ್ಕಳು. "ಮೆಡಿಕಲ್ ಸ್ಟೋರ್‌ನೋನು ಒಂದು ಸತಿ ಕೆಮ್ಮಿದ್ರೆ ಮಾತ್ರೆ ಎತ್ತಿ ಕೊಡ್ತಾನೆ. ಓದ್ಕಂಡಿರೋ ನೀವು ಡಬ್ಬಿ ಹಿಡ್ಕಂಡು ಬೀದಿ ಸುತ್ತುತೀರಾ."

"ಅದಕ್ಕೇ ಆಂಟಿ. ಬೇಡದಿದ್ದಕ್ಕೂ ಅದೇ ಮಾತ್ರೆ ತಿಂದು ತಿಂದು, ನಿಜವಾಗಿ ಬೇಕಾದ ದಿನ ಅದು ಕೆಲಸ ಮಾಡಲ್ಲ."

ನನಗೆ ಅರ್ಥವಾಯಿತು. ಮೇಕೆಗೆ ತಿಂಗಳು ತಿಂಗಳೂ ಜಂತುಹುಳದ ಔಷಧಿ ಕುಡಿಸುತ್ತಿದ್ದ ಒಬ್ಬನ ಮಂದೆಯಲ್ಲಿ ಕೊನೆಗೆ ಯಾವ ಔಷಧಿಗೂ ಹುಳ ಬಗ್ಗಲಿಲ್ಲ. ಅದನ್ನು ಹೇಳಿದೆ. ಪವಿತ್ರ ನನ್ನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. "ಕರೆಕ್ಟ್ ಅಜ್ಜಿ" ಅಂದಳು. ಮಧುಗಿರಿಯಲ್ಲಿ ನನ್ನ ಮಾತನ್ನು ಒಬ್ಬರು ಸರಿ ಅಂದದ್ದು ಅದೇ ಮೊದಲು.

ಸ್ವಲ್ಪ ದಿನಕ್ಕೆ ಜಯಮ್ಮನಿಗೆ ಜ್ವರ ಬಂತು, ಜೊತೆಗೆ ಕೆಮ್ಮು. ದೂಳಿನದಲ್ಲ, ಬೇರೆ. ಒಣ ಕೆಮ್ಮು, ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದಳು. ಪವಿತ್ರ ಅವಳನ್ನು ಆ ಕಟ್ಟಡಕ್ಕೆ ಕರೆದುಕೊಂಡು ಹೋದಳು, ನಾನೂ ಹೋದೆ. ಬೆರಳಿಗೆ ಕ್ಲಿಪ್ಪು ಹಾಕಿದರು. ಗಡಿಯಾರ ಹಿಡಿದು ಉಸಿರು ಎಣಿಸಿದರು. ಮೂಗಿನೊಳಗೆ ಹತ್ತಿಯ ಕಡ್ಡಿ ಆಡಿಸಿದರು. ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ತೆಗೆದರು. ಕಫದ ಡಬ್ಬಿಯನ್ನು ಮಾತ್ರ ಮನೆಗೆ ಕೊಟ್ಟು ಕಳಿಸಿದರು. ಬೆಳಗ್ಗೆ ಎದ್ದ ಕೂಡಲೇ ಬರುವ ಕಫವೇ ಬೇಕಂತೆ. ಬಾಯೆಂಜಲು ಬೇಡ, ಎದೆಯಾಳದಿಂದ ಬರಬೇಕು ಅಂತ ಎರಡೆರಡು ಸಲ ಹೇಳಿದರು.

ಜಯಮ್ಮ ಹೂಂ ಅಂದಳು. ಆದರೆ ಬೆಳಗ್ಗೆ ಎದ್ದು ಮಾಡಿದ್ದು ದಿನಾ ಮಾಡುವುದನ್ನೇ. ಮೊದಲು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಗಂಡನಿಗೆ ಸದ್ದು ಕೇಳದ ಹಾಗೆ ಕ್ಯಾಕರಿಸಿ, ಬಾಯಿ ಮುಖ ತೊಳೆದು ಕುಂಕುಮ ಇಟ್ಟುಕೊಂಡಳು. ಮುಖ ತೊಳೆಯದೆ ಬಾಗಿಲು ತೆರೆಯುವ ಹೆಂಗಸಲ್ಲ ಅವಳು. ಎದೆಯಲ್ಲಿದ್ದ ಅಷ್ಟಿಷ್ಟು ಕಫ ಬಚ್ಚಲ ನೀರಿನ ಜೊತೆ ಹೋಯಿತು. ರಂಗಪ್ಪ ಕಾಫಿ ಕುಡಿದು ಬಸ್ಸಿಗೆ ಹೋದ. ಆಮೇಲೆ ಡಬ್ಬಿ ನೆನಪಾಗಿದೆ. ಎಷ್ಟು ಕೆಮ್ಮಿದರೂ ಬರೀ ನೀರು ನೀರು ಎಂಜಲು. ಅಷ್ಟರಲ್ಲಿ ಹೊರಗೆ ಸ್ಕೂಟರಿನ ಸದ್ದು.

ಅವಳು ನನ್ನ ಕೋಣೆಗೆ ಬಂದಳು. ಸೆರಗಿನಲ್ಲಿ ಡಬ್ಬಿ. "ಏನೂ ಬರ್ತಿಲ್ಲ ಓಬಳಕ್ಕ. ಖಾಲಿ ಡಬ್ಬಿ ಹೆಂಗೆ ಕೈಗಿಡಾದು? ಅಷ್ಟು ದೂರದಿಂದ ಬಂದೈತೆ ಆ ಮಗು."

"ನಾಳೆ ಕೊಡ್ತೀನಿ ಅನ್ನು."

"ನೆನ್ನೆನೇ ಇಸ್ಕಂಡಿವ್ನಿ. ಬರೀ ಡಬ್ಬಿ ವಾಪಸ್ ಕೊಟ್ರೆ ಏನಂದ್ಕಂತಾಳೆ?"

"ತಾ ಇಲ್ಲಿ" ಅಂದೆ.

ನನಗೆ ಅದು ಕಷ್ಟದ ಕೆಲಸವಲ್ಲ. ನಲವತ್ತು ವರ್ಷದ ಹೊಗೆ ಒಳಗಿದೆ, ಕರೆದರೆ ಬರುತ್ತದೆ. ನಾನಿನ್ನೂ ಬಾಯಿ ತೊಳೆದಿರಲಿಲ್ಲ. ಹಿತ್ತಲಿಗೆ ಹೋಗಿ ಡಬ್ಬಿ ತುಂಬಿಸಿಕೊಂಡು ಬಂದೆ. ಹೆಪ್ಪಿಗೆ ಮೊಸರು ಕೇಳಿದರೆ ಕೊಡುವುದಿಲ್ಲವೇ, ಹಾಗೆ ಕೊಟ್ಟೆ. ಇನ್ನೊಂದನ್ನೂ ಹೇಳಬೇಕು. ಬೇಡ ಅಂದಿದ್ದ ನನ್ನ ಕಫ ಪೆಟ್ಟಿಗೆಯಲ್ಲಿ ಕೂತು ಹೋಗುವುದನ್ನು ನೋಡಿ ಒಳಗೊಳಗೇ ಖುಷಿಯಾಯಿತು. ಪವಿತ್ರ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಒಳ್ಳೆ ಸ್ಯಾಂಪಲ್ ಆಂಟಿ" ಅಂದಳು. ಜಯಮ್ಮ ನನ್ನ ಕಡೆ ನೋಡಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ಪವಿತ್ರ ಹೋದ ಮೇಲೆ ಇಬ್ಬರೂ ನಕ್ಕೆವು.

ಕೆಲವು ದಿನಕ್ಕೆ ಫೋನು ಬಂತು. ಕಫದಲ್ಲಿ ಕೆಟ್ಟ ರೋಗಾಣು ಇಲ್ಲ, ಮೂಗಿನ ಕಡ್ಡಿಯಲ್ಲಿ ಕಂಡದ್ದು ಬರೀ ನೆಗಡಿಯದು, ಈಗ ದೊಡ್ಡ ಮಾತ್ರೆ ಬೇಕಿಲ್ಲ, ಬಿಸಿನೀರು ಕುಡಿದು ಸುಧಾರಿಸಿಕೊಳ್ಳಿ, ಉಸಿರಾಟ ಕಷ್ಟವಾದರೆ ಕೂಡಲೇ ಬನ್ನಿ ಅಂದರು. ಜಯಮ್ಮ ಮೊದಲಿನದನ್ನು ಕೇಳಿಸಿಕೊಂಡಳು, ಕೊನೆಯದನ್ನು ಬಿಟ್ಟಳು. ರಂಗಪ್ಪ ಬಸ್ ಸ್ಟ್ಯಾಂಡಿನಲ್ಲೆಲ್ಲ ಹೇಳಿದ, "ಲ್ಯಾಬಿಂದ್ಲೇ ಬಂದೈತೆ ಕಣ್ಲಾ, ನಮ್ಮೋಳ್ಗೆ ಏನೂ ಇಲ್ವಂತೆ." ಅವಳು ಮತ್ತೆ ಹುಣಸೆ ಮೂಟೆಯ ಮುಂದೆ ಕೂತಳು.

ನನಗೂ ಮೊದಲು ಹೊಳೆಯಲಿಲ್ಲ, ನಿಜ ಹೇಳುತ್ತೇನೆ. ಎರಡು ದಿನ ಕಳೆಯಿತು. ಜಯಮ್ಮ ಮಾತಿನ ನಡುವೆ ನಿಲ್ಲತೊಡಗಿದಳು. "ಆ ಮೂಟೆ" ಅನ್ನುವಳು, ಉಸಿರು ತೆಗೆದುಕೊಳ್ಳುವಳು, "ಇತ್ತ ಎಳಿ" ಅನ್ನುವಳು. ಮೂಗಿನ ಹೊಳ್ಳೆ ಅರಳುತ್ತಿತ್ತು. ಕೊರಳಿನ ಕೆಳಗಿನ ಗುಂಡಿ ಒಳಕ್ಕೆ ಎಳೆಯುತ್ತಿತ್ತು. ಮೇಕೆಗೆ ಹೀಗಾಗಿದ್ದರೆ ಮೊದಲ ದಿನವೇ ಮಂದೆಯಿಂದ ಬೇರೆ ಕಟ್ಟುತ್ತಿದ್ದೆ. ಪಕ್ಕೆ ನೋಡಿದರೆ ಗೊತ್ತಾಗುತ್ತದೆ.

ಮೇಕೆಯ ಲೆಕ್ಕವೊಂದೇ ಅಲ್ಲ. ನನಗೊಬ್ಬಳು ಮಗಳು ಹುಟ್ಟಿದ್ದಳು. ಎಂಟು ತಿಂಗಳಿಗೆ ಹೀಗೇ ಎದೆ ಕಟ್ಟಿತು. ನಮ್ಮತ್ತೆ ಕೆಂಡದಲ್ಲಿ ಕಾಯಿಸಿದ ಬಳೆಯ ಚೂರಿನಿಂದ ಮಗುವಿನ ಹೊಟ್ಟೆಗೆ ಬರೆ ಹಾಕಿದಳು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ನಾನು ಕಾಲು ಹಿಡಿದುಕೊಂಡಿದ್ದೆ. ಮೂರನೇ ದಿನ ಹೋಯಿತು. ಆ ಮಗುವಿನ ಉಸಿರಿನ ಸದ್ದು ಹೇಗಿತ್ತು ಅಂತ ನನಗೆ ಇವತ್ತೂ ಗೊತ್ತು. ಗೋಡೆಯ ಮೇಲಿನಿಂದ ಅದೇ ಸದ್ದು ಬರುತ್ತಿತ್ತು.

"ಜಯಮ್ಮ, ನಡಿ ಡಾಕ್ಟ್ರತ್ರ" ಅಂದೆ.

"ಏನೂ ಇಲ್ಲ ಅಂದವ್ರಲ್ಲ ಓಬಳಕ್ಕ."

"ಏನೂ ಇಲ್ಲ ಅಂದಿದ್ದು ನನ್ಗೆ. ನಿನ್ಗಲ್ಲ. ಡಬ್ಬೀಲಿದ್ದಿದ್ದು ಯಾರ್ದು?"

ಆಗ ಅವಳಿಗೂ ಹೊಳೆಯಿತು, ನನಗೂ ಬಾಯಿಂದ ಬಂದ ಮೇಲೆಯೇ ಪೂರ್ತಿ ಹೊಳೆಯಿತು. ಹೊಗೆ ಕುಡಿದ ಮುದುಕಿಯ ಎದೆ ಚೆನ್ನಾಗಿದೆ ಅಂತ ಫೋನಿನಲ್ಲಿ ಹೇಳಿದ್ದರು. ಆ ಮಾತು ನಂಬಿಕೊಂಡು ಇವಳು ಸಾಯುತ್ತಿದ್ದಳು.

ಅವಳು ನನ್ನ ಕೈ ಹಿಡಿದುಕೊಂಡಳು. ಕೈ ಕಾದಿತ್ತು. "ಹೇಳ್ಬ್ಯಾಡ. ಇವ್ರಿಗೆ ಗೊತ್ತಾದ್ರೆ ನಿನ್ನ ಮನೆ ಬುಡ್ಸ್ತಾರೆ. ಆ ಹುಡ್ಗಿ ಕೆಲ್ಸ ಹೋಯ್ತದೆ. ಬೀದಿಯೆಲ್ಲ ಆಡ್ಕಂಡು ನಗ್ತದೆ. ವಾಸಿಯಾಯ್ತದೆ, ಇನ್ನೆರಡು ದಿನ." ದೇವರ ಗೂಡಿನ ಮುಂದೆ ನಿಲ್ಲಿಸಿ, ದೀಪದ ಎದುರು ನನ್ನ ಕೈಯನ್ನು ತನ್ನ ಕೈ ಮೇಲೆ ಇಡಿಸಿಕೊಂಡು ಭಾಷೆ ತೆಗೆದುಕೊಂಡಳು. ಕೊಟ್ಟೆ.

ಒಂದು ದಿನ ಸುಮ್ಮನಿದ್ದೆ. ಇದನ್ನು ಬರೆಯದೆ ಬಿಡಬಹುದಿತ್ತು. ಸುಮ್ಮನಿದ್ದುದು ಭಾಷೆಗೆ ಹೆದರಿ ಅಲ್ಲ, ಕೋಣೆ ಹೋದರೆ ಎಲ್ಲಿಗೆ ಹೋಗಲಿ ಅಂತ. ಅದಕ್ಕಿಂತ ಹೆಚ್ಚಾಗಿ, ಇವಳೂ ಮಾತು ಬಿಟ್ಟರೆ ಈ ಊರಿನಲ್ಲಿ ನನ್ನನ್ನು ಕೂಗುವವರು ಯಾರು ಅಂತ.

ಮಾರನೇ ಬೆಳಗ್ಗೆ ರಂಗಪ್ಪ ಬಸ್ಸಿಗೆ ಹೋದ ಮೇಲೆ ಗೋಡೆಗೆ ಕಿವಿಯಿಟ್ಟು ಎಣಿಸಿದೆ. ನನಗೆ ನೂರರವರೆಗೆ ಚೆನ್ನಾಗಿ ಬರುತ್ತದೆ. ನಾನು ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಅವಳು ಮೂರು ಎಳೆಯುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಸಂಶೋಧನೆಯ ಕಟ್ಟಡದಲ್ಲಿ ಡಾಕ್ಟರಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರು. ಪವಿತ್ರ ಡಬ್ಬಿಗಳಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದಳು. ಕೂತ್ಕೊಳ್ಳಿ ಅಂದರು. ಕೂರಲಿಲ್ಲ.

"ಜಯಮ್ಮನ ಡಬ್ಬೀಲಿದ್ದ ಕಫ ಜಯಮ್ಮಂದಲ್ಲ. ನಂದು" ಅಂದೆ.

ಪವಿತ್ರಳ ಕೈ ನಿಂತಿತು. ಡಾಕ್ಟರಮ್ಮ ನನ್ನನ್ನು ನೋಡಿದರು, ಪವಿತ್ರಳನ್ನು ನೋಡಿದರು. "ಯಾಕೆ ಹಾಗೆ ಮಾಡಿದ್ರಿ?"

"ಡಬ್ಬಿ ಖಾಲಿ ಕೊಡಬಾರ್ದು ಅಂತ."

ಅವರ ಮುಖದಲ್ಲಿ ಏನೇನೋ ಬಂದು ಹೋಯಿತು. ಪವಿತ್ರ ಅಳುವುದಕ್ಕೆ ಶುರುಮಾಡಿದಳು. ನಾನು ಹೇಳಿದೆ, "ಅಳೋದು ಆಮೇಲೆ ಮುಗಿಸ್ಕೊಳ್ಳಮ್ಮ. ಅವ್ಳು ನಾನೊಂದು ಉಸಿರು ಬುಡೋದ್ರಲ್ಲಿ ಮೂರು ಬುಡ್ತಾವ್ಳೆ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಅಜ್ಜಿ, ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೂ ಈಗ ನನಗೆ ಟೈಮಿಲ್ಲ. ನಡೀರಿ, ಮನೆ ತೋರಿಸಿ."

ಬೆರಳಿನ ಕ್ಲಿಪ್ಪಿನಲ್ಲಿ ಬಂದ ಸಂಖ್ಯೆ ನೋಡಿ ಅವರು ಕೂಡಲೇ ಆಂಬುಲೆನ್ಸ್ ಗಾಡಿಗೆ ಫೋನು ಮಾಡಿದರು. ಜಯಮ್ಮನನ್ನು ಎತ್ತಿ ಕೂರಿಸುವಾಗ ಅವಳಿಗೆ ನಾನು ಹೇಳಿದ್ದೇನೆ ಅಂತ ಗೊತ್ತಾಯಿತು. ಮಾತಾಡಲು ಉಸಿರಿರಲಿಲ್ಲ. ನನ್ನನ್ನು ಒಂದು ಸಲ ನೋಡಿ ಮುಖ ಆ ಕಡೆ ತಿರುಗಿಸಿದಳು. ತುಮಕೂರಿಗೆ ಕರೆದುಕೊಂಡು ಹೋದರು. ಶ್ವಾಸಕೋಶದ ಒಂದು ಭಾಗ ಗಟ್ಟಿಯಾಗಿತ್ತಂತೆ. ಆವಿ ಕೊಟ್ಟು ಅವಳದೇ ಕಫ ತೆಗೆದು ನೋಡಿದರೆ ರೋಗಾಣು ಸಿಕ್ಕಿತು, ಅದಕ್ಕೆ ಯಾವ ಔಷಧಿ ನಾಟುತ್ತದೆ ಅನ್ನುವುದೂ ಸಿಕ್ಕಿತು. ಇನ್ನೆರಡು ದಿನ ಬಿಟ್ಟಿದ್ದರೆ ಅಂತ ಡಾಕ್ಟರಮ್ಮ ಅರ್ಧ ಹೇಳಿ ಬಿಟ್ಟರು. ಪೂರ್ತಿ ಹೇಳುವುದು ಬೇಕಿರಲಿಲ್ಲ.

ರಂಗಪ್ಪ ಬಂದು ನನ್ನ ಬಾಗಿಲಲ್ಲಿ ನಿಂತ. ದೊಡ್ಡ ದನಿಯವನು, ಅವತ್ತು ಸಣ್ಣ ದನಿಯಲ್ಲಿ ಹೇಳಿದ, "ಗಂಟುಮೂಟೆ ಕಟ್ಕ ಅಜ್ಜಿ. ನಮ್ಮೋಳು ಮನೆಗೆ ಬರಾದ್ರೊಳ್ಗೆ ನೀನು ಇರಬಾರ್ದು." ಸರಿ ಅಂದೆ. ಕಟ್ಟಲು ಎರಡು ಸೀರೆ, ಒಂದು ಒರಳು. ಒರಳು ಹೊರಲಾಗದು ಅಂತ ಯೋಚಿಸುತ್ತಾ ಕೂತೆ.

ಈ ನಡುವೆ ಪವಿತ್ರ ಬೀದಿಯ ಮನೆಗಳಿಗೆ ಹೋಗಿ, ಡಬ್ಬಿ ತುಂಬಿಸಿದ್ದು ಯಾರು ಅಂತ ಕೇಳಿದ್ದಳು. ಒಬ್ಬಳು ಅತ್ತೆಯ ಡಬ್ಬಿಗೆ ತಾನು ಉಗಿದಿದ್ದಳು, ಅತ್ತೆಯ ಎಂಜಲನ್ನು ಹೊರಗಿನವರು ಹೊತ್ತುಕೊಂಡು ಹೋಗುವುದು ಮರ್ಯಾದೆಯಲ್ಲ ಅಂತ. ಇನ್ನೊಂದು ಮನೆಯಲ್ಲಿ ಅಕ್ಕತಂಗಿಯರಿಬ್ಬರು ಸೇರಿ ಒಂದು ಡಬ್ಬಿ ತುಂಬಿಸಿದ್ದರು. ನಮ್ಮ ಬೀದಿಯ ಡಬ್ಬಿಗಳನ್ನೆಲ್ಲ ಸಂಶೋಧನೆಯಿಂದ ತೆಗೆದುಹಾಕಿದರು. ಡಾಕ್ಟರಮ್ಮ ನನಗೆ ಹೇಳಿಕಳಿಸಿದರು. ಬೈಯುತ್ತಾರೆ ಅಂತ ಹೋದರೆ, ಏನು ಮಾಡುವುದು ಹೇಳಿ ಅಂದರು.

"ಹೆಂಗಸ್ರು ಬಾಯಿ ತೊಳೆಯೋ ಮೊದ್ಲು ಮನೆ ಹತ್ರ ಬನ್ನಿ. ಡಬ್ಬಿ ನಮ್ದು ಅನ್ನಬ್ಯಾಡಿ. ಕೊಡುವಾಗ್ಲೇ, ಇದು ನಿಮ್ಗೇ ಕೊಟ್ಟಿದ್ದು ತಾಯಿ, ನಿಮ್ದೇ ಪಾತ್ರೆ ಅನ್ನಿ. ತಮ್ದೇ ಆದ್ರೆ ಖಾಲಿ ವಾಪಸ್ ಕೊಡೋ ಮಾತು ಬರಲ್ಲ. ಬರ್ನಿಲ್ಲ ಅಂತ ಹೇಳೋಕೆ ನಾಚ್ಕೆನೂ ಇರಲ್ಲ."

ಅವರು ಅದನ್ನು ಕಂಪ್ಯೂಟರಿನಲ್ಲಿ ಬರೆದುಕೊಂಡರು. ಪವಿತ್ರಳ ಕೆಲಸ ಹೋಗಲಿಲ್ಲ. ಈಗ ಅವಳು ನಸುಕಿನಲ್ಲೇ ಬರುತ್ತಾಳೆ.

ಜಯಮ್ಮ ಬದುಕಿದಳು. ಮೂರನೇ ವಾರಕ್ಕೆ ಮನೆಗೆ ಬಂದಳು, ಅರ್ಧ ಮೈ ಆಗಿ. ನಾನು ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದೆ, ಒಂದು ಸಲ ನೋಡಿ ಹೋಗೋಣ ಅಂತ. ಅವಳು ಆಟೋ ಇಳಿದು ನನ್ನನ್ನು ದಾಟಿ ಒಳಗೆ ಹೋದಳು. ಒಳಗಿನಿಂದ ಗಂಡನಿಗೆ ಹೇಳಿದ್ದು ಗೋಡೆಯ ಮೇಲಿನಿಂದ ಕೇಳಿತು.

"ಯಾಕೆ ಗಂಟು ಕಟ್ಟವ್ಳೆ ಅವ್ಳು?"

"ನಾನೇ ಹೋಗು ಅಂದಿವ್ನಿ."

"ಎಲ್ಲಿಗೋಯ್ತಾಳೆ? ಇರ್ಲಿ. ದೀಪದ ಮುಂದೆ ಭಾಷೆ ಕೊಟ್ಟು ಮುರಿದೋಳು. ನಾನಂತೂ ಅವ್ಳ ಕೂಡ ಮಾತಾಡಲ್ಲ. ನೀನು ಬಾಡಿಗೆ ಇಸ್ಕ."

ಹಾಗೆ ಉಳಿದೆ. ಹೇಳಿದ ಮಾತಿನಂತೆ ಅವಳು ಮಾತಾಡಲಿಲ್ಲ. ಬೀದಿಯವರು ಅವಳನ್ನು ಬಿಟ್ಟಿರಲಿಲ್ಲ. ನಲ್ಲಿಯ ಹತ್ತಿರ ಒಬ್ಬಳು, "ಏನ್ ಜಯಮ್ಮ, ಸಕ್ಕರೆ ಕಡ ತಗಳೋರ್ನ ನೋಡಿದ್ದೆ, ಕಫ ಕಡ ತಗಂಡೋಳ್ನ ನಿನ್ನೇ ನೋಡಿದ್ದು" ಅಂದಳಂತೆ. ಇವಳು ಬಿಂದಿಗೆ ಅಲ್ಲೇ ಬಿಟ್ಟು ಬಂದಳಂತೆ. ಅದಕ್ಕೂ ನಾನೇ ಕಾರಣ, ಅವಳ ಕೋಪ ತಪ್ಪಲ್ಲ. ಹಜಾರದಲ್ಲಿ ನಾನು ಈ ಕಡೆ, ಅವಳು ಆ ಕಡೆ, ನಡುವೆ ರಾಶಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಡಿಯುತ್ತಾಳೆ. ಬೆಳಗ್ಗೆ ಏಳುವ ಮೊದಲು ನಾನು ಅವಳ ಉಸಿರು ಎಣಿಸುತ್ತೇನೆ. ಈಗ ನನ್ನದಕ್ಕೂ ಅವಳದಕ್ಕೂ ಸರಿ ಹೊಂದುತ್ತದೆ.

ಪಕ್ಷದ ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಾಲ್ಕು ದಿನ ಇದ್ದೆ. ಬಸ್ ಇಳಿದ ಕೂಡಲೇ ಹತ್ತು ಜನ ಹೆಸರು ಹಿಡಿದು ಕೂಗಿದರು. ಎಲ್ಲರ ಬಾಗಿಲೂ ತೆರೆದಿತ್ತು. ನೀಳ್ಳು ಅಂದೆ, ಯಾರೂ ನಗಲಿಲ್ಲ. ಹೊಟ್ಟೆ ತುಂಬ ಮಾತಾಡಿದೆ. ಆದರೆ ಒಬ್ಬಳು ಸೊಸೆ ಕೆಮ್ಮುತ್ತಿದ್ದಳು. ಎಷ್ಟು ದಿನದಿಂದ, ಜ್ವರ ಇದೆಯಾ, ಉಸಿರು ಎಣಿಸಿದ್ದೀರಾ ಅಂತ ಕೇಳಿದೆ. ಎಲ್ಲರೂ ನನ್ನನ್ನು ನೋಡಿ, "ಮಧುಗಿರಿಯೋಳು ಆಗೋದ್ಲು ನಮ್ಮ ಓಬಳಮ್ಮ" ಅಂದರು. ನಾಲ್ಕನೇ ದಿನ ಬೆಳಗ್ಗೆ ಎದ್ದವಳು ಸುಮ್ಮನೆ ಮಲಗಿ ಕಿವಿಗೊಟ್ಟೆ. ಬಯಲಿನ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಎಣಿಸಲು ಏನೂ ಸಿಗಲಿಲ್ಲ.

ಬಸ್ ನಿಲ್ಲುವ ಜಾಗಕ್ಕೆ ನಮ್ಮ ಮೈದುನ ಬಂದಿದ್ದ. "ಇಲ್ಲೇ ಇದ್ಬುಡು ವದಿನಾ" ಅಂದ. ವದಿನಾ ಅಂದರೆ ಅತ್ತಿಗೆ. "ಒಂದು ಕೋಣೆ ಖಾಲಿ ಐತೆ. ಅಲ್ಲಿ ನಿಂಗೆ ಯಾರವ್ರೆ?"

"ನನ್ನ ಕೂಡ ಮಾತು ಬುಟ್ಟೋಳು ಒಬ್ಳವ್ಳೆ" ಅಂದೆ.

"ಅಷ್ಟಕ್ಕೆ ಹೋಗ್ತೀಯಾ?"

ದಾರಿಯಲ್ಲಿ ಹೋಗುವವರ ಕೂಡ ಯಾರೂ ಮಾತು ಬಿಡುವುದಿಲ್ಲ. ಮಾತು ಬಿಡಲು ಏನಾದರೂ ಆಗಿರಬೇಕು ಒಬ್ಬರಿಗೊಬ್ಬರು. ಅದನ್ನು ಅವನಿಗೆ ಹೇಗೆ ಹೇಳುವುದು ಅಂತ ಯೋಚಿಸುವಷ್ಟರಲ್ಲಿ ಮಧುಗಿರಿ ಬಸ್ಸು ಬಂತು. ಹತ್ತಿದೆ. ಕಿಟಕಿಯ ಹೊರಗಿನಿಂದ ಅವನು ಏನೋ ಕೂಗಿದ, ಕೇಳಿಸಲಿಲ್ಲ.